ಅಡುಗೆಮನೆಯ ನೆಲ: ಗಡಿನಾಡಿನ ಮನೆಗಳಿಗೆ ಬಾಳಿಕೆಯ ಹಾಸಿನ ಆಯ್ಕೆ

ಮನೆ ಕಟ್ಟಿಸುವ ಕುಟುಂಬವು ತಳಪಾಯ, ಗೋಡೆ, ಮಾಡು, ಬಾಗಿಲುಗಳ ಬಗ್ಗೆ ತಿಂಗಳುಗಟ್ಟಲೆ ಚರ್ಚಿಸುತ್ತದೆ. ಅಡುಗೆಮನೆಯ ನೆಲವನ್ನು ಮಾತ್ರ ಅಂಗಡಿಯಲ್ಲಿ ನಿಂತ ಅರ್ಧ ಗಂಟೆಯಲ್ಲಿ ತೀರ್ಮಾನಿಸಿಬಿಡುತ್ತದೆ. ಆ ತೀರ್ಮಾನ ಮಾಡುವವರು ಸಾಮಾನ್ಯವಾಗಿ ಗಂಡಸರು. ಆ ನೆಲದ ಮೇಲೆ ದಿನಕ್ಕೆ ಐದಾರು ಗಂಟೆ ನಿಲ್ಲುವವರು, ಕೂರುವವರು, ಬಗ್ಗಿ ಒರೆಸುವವರು ಹೆಂಗಸರು. ಈ ಲೇಖನವನ್ನು ಬರೆಯಲು ಕಾರಣವಾದದ್ದೂ ಅಂಥದೇ ಒಂದು ಮನೆ. ಅಕ್ಕಲಕೋಟೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಏಳನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಮೂರು ವಾರ ಶಾಲೆಗೆ ಬಾರದಿದ್ದಾಗ ವಿಚಾರಿಸಲು ಹೋಗಿದ್ದೆ. ಹಬ್ಬಕ್ಕೆ ಮುಂಚೆ ಅಡುಗೆಮನೆಗೆ ಕನ್ನಡಿಯಂತೆ ಹೊಳೆಯುವ ಟೈಲ್ಸ್ ಹಾಕಿಸಿದ್ದರು. ಎಣ್ಣೆ ಚೆಲ್ಲಿದ ಜಾಗದಲ್ಲಿ ಅಜ್ಜಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ತಾಯಿ ಕೂಲಿಗೆ ಹೋಗಲೇಬೇಕಾದ್ದರಿಂದ ಅಡುಗೆಯೂ ಅಜ್ಜಿಯ ಆರೈಕೆಯೂ ಆ ಹುಡುಗಿಯ ಪಾಲಿಗೆ ಬಂದಿದ್ದವು. ನೆಲದ ಆಯ್ಕೆ ಕೇವಲ ಅಂದಚೆಂದದ ವಿಷಯವಲ್ಲ ಎಂಬುದು ನನಗೆ ಅಂದು ಮನದಟ್ಟಾಯಿತು.

ಅಡುಗೆಮನೆಯ ನೆಲಕ್ಕೆ ಬೀಳುವ ಪೆಟ್ಟು ಬೇರಾವ ಕೋಣೆಯ ನೆಲಕ್ಕೂ ಬೀಳುವುದಿಲ್ಲ. ನೀರು, ಎಣ್ಣೆ, ಅರಿಶಿನ, ಹುಣಸೆಹುಳಿ, ನಿಂಬೆರಸ, ಬಿಸಿ ಪಾತ್ರೆ ಎಲ್ಲವೂ ಅದರ ಮೇಲೆಯೇ. ತುಂಬಿದ ಗ್ಯಾಸ್ ಸಿಲಿಂಡರಿನಲ್ಲಿ ಅನಿಲವೇ 14.2 ಕಿಲೋ, ಉಕ್ಕಿನ ತೂಕವೂ ಸೇರಿದರೆ ಅದರ ಎರಡರಷ್ಟು. ಅದನ್ನು ಎತ್ತಿ ಇಡುವವರು ವಿರಳ, ಎಳೆದುಕೊಂಡು ಹೋಗುವವರೇ ಹೆಚ್ಚು. ನಮ್ಮ ಕಡೆ ಇಂದಿಗೂ ನೆಲದ ಮೇಲೆ ಕುಳಿತು ಜೋಳದ ರೊಟ್ಟಿ ಬಡಿಯುತ್ತಾರೆ, ಖಾರ ಕುಟ್ಟುತ್ತಾರೆ. ಕಾಸರಗೋಡಿನ ಕಡೆ ತೆಂಗಿನಕಾಯಿ ಒಡೆಯುವುದು, ಹಲಸಿನಹಣ್ಣು ಬಿಡಿಸುವುದು ನೆಲದ ಮೇಲೆಯೇ. ನಿಂತು ಅಡುಗೆ ಮಾಡುವ ನಗರದ ಮನೆಗಳನ್ನು ಕಣ್ಣಮುಂದಿಟ್ಟುಕೊಂಡು ಅಚ್ಚು ಹಾಕಿದ ಟೈಲ್ಸ್ ಪುಸ್ತಿಕೆಗಳಲ್ಲಿ ಇವುಗಳ ಪ್ರಸ್ತಾಪವೇ ಇರುವುದಿಲ್ಲ.

ಹಾಸಿನ ಕೆಳಗಿರುವ ಮಣ್ಣು

ಎಷ್ಟೇ ಬೆಲೆಬಾಳುವ ಹಾಸಾದರೂ ಅದರ ಕೆಳಗಿನ ಭರ್ತಿ ಕುಸಿದರೆ ಒಡೆಯುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಹಾಗೂ ಆದೋನಿ ಪ್ರದೇಶಗಳಲ್ಲಿ ವಿಸ್ತಾರವಾಗಿ ಹಬ್ಬಿರುವ ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಿರಿಯುತ್ತದೆ. ತಳಪಾಯ ಅಗೆದಾಗ ಬಂದ ಅದೇ ಮಣ್ಣನ್ನು ಮರಳಿ ನೆಲದ ಭರ್ತಿಗೆ ಬಳಸುವುದು ಗೌಂಡಿಗಳು ಖರ್ಚು ಉಳಿಸಲು ಮಾಡುವ ಸಾಮಾನ್ಯ ತಪ್ಪು. ಹಾಗೆ ಮಾಡಿದ ಮನೆಗಳಲ್ಲಿ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹಾಸು ಎದ್ದು ನಿಲ್ಲುತ್ತದೆ ಅಥವಾ ಗೋಡೆಯ ಅಂಚಿನಲ್ಲಿ ತಗ್ಗು ಬೀಳುತ್ತದೆ. ದೂರು ಕಲ್ಲಿನ ಮೇಲೆ, ತಪ್ಪು ಮಣ್ಣಿನದು.

ಎರೆಯ ಭೂಮಿಯಲ್ಲಿ ಕನಿಷ್ಠ ಎರಡು ಅಡಿಯಾದರೂ ಕಪ್ಪು ಮಣ್ಣನ್ನು ತೆಗೆದು ಗಟ್ಟಿ ಮೊರಂ ತುಂಬಬೇಕು. ತುಂಬುವಾಗ ಆರಾರು ಇಂಚಿನ ಪದರಗಳಾಗಿ ಹರಡಿ, ಪ್ರತಿ ಪದರಕ್ಕೂ ನೀರುಣಿಸಿ ದಮ್ಮಸ್ಸು ಮಾಡಬೇಕು. ಅದರ ಮೇಲೆ ಕಲ್ಲಿನ ಸೋಲಿಂಗ್, ಅನಂತರ ಸಿಮೆಂಟು ಒಂದು, ಮರಳು ನಾಲ್ಕು, ಜಲ್ಲಿ ಎಂಟರ ಪ್ರಮಾಣದ ನಾಲ್ಕು ಇಂಚು ಕಾಂಕ್ರೀಟು. ಇಷ್ಟಾದ ಮೇಲೆಯೇ ಹಾಸಿನ ಮಾತು.

ಕಾಸರಗೋಡಿನಲ್ಲಿ ತೊಂದರೆ ಬೇರೆ. ಅಲ್ಲಿಯ ಮುರಕಲ್ಲಿನ ನೆಲ ಉಬ್ಬುವುದಿಲ್ಲ. ಆದರೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆ ಸೀಮೆಯಲ್ಲಿ ಕೆಳಗಿನಿಂದ ತೇವ ಏರುತ್ತದೆ. ಕರ್ಕಾಟಕ ಮಾಸದಲ್ಲಿ ನೆಲ ಬೆವರುವುದು, ಸಂದುಗಳಲ್ಲಿ ಬಿಳಿಯ ಉಪ್ಪಿನ ಹುಡಿ ಕಾಣಿಸಿಕೊಳ್ಳುವುದು ಇದರ ಲಕ್ಷಣ. ಕಾಂಕ್ರೀಟಿನ ಕೆಳಗೆ ದಪ್ಪ ಪಾಲಿಥೀನ್ ಹಾಳೆಯನ್ನು, ಸೇರುವೆಯಲ್ಲಿ ಒಂದರ ಮೇಲೊಂದು ಬರುವಂತೆ ಹಾಸಿ, ಗೋಡೆಯ ಅಂಚಿನಲ್ಲಿ ಮೇಲಕ್ಕೆ ಮಡಚಿದರೆ ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಹಾಳೆಯ ಬೆಲೆ ಅಲ್ಪ. ನೆಲ ಮುಗಿದ ಮೇಲೆ ಅದನ್ನು ಸೇರಿಸಲು ಸಾಧ್ಯವಿಲ್ಲ.

ಶಹಾಬಾದ, ತಾಂಡೂರು: ಗಡಿ ಅರಿಯದ ಕಲ್ಲು

ಭೀಮಾ ಕಣಿವೆಯ ಸುಣ್ಣಕಲ್ಲಿನ ಪದರಗಳು ಕಲಬುರಗಿ ಜಿಲ್ಲೆಯ ಶಹಾಬಾದ, ಚಿತ್ತಾಪುರ, ಸೇಡಂ ಪ್ರದೇಶದಿಂದ ಇಂದಿನ ತೆಲಂಗಾಣದ ವಿಕಾರಾಬಾದ್ ಜಿಲ್ಲೆಯ ತಾಂಡೂರಿನವರೆಗೆ ಹಬ್ಬಿವೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ತಾಂಡೂರು ತಾಲ್ಲೂಕು ಗುಲ್ಬರ್ಗಾ ಜಿಲ್ಲೆಯಲ್ಲಿಯೇ ಇತ್ತು. ಆ ವರ್ಷ ಕಾಗದದ ಮೇಲೆ ಎಳೆದ ಗೆರೆ ಜನರನ್ನು ಬೇರೆ ಮಾಡಿತೇ ಹೊರತು ಕಲ್ಲಿನ ಪದರವನ್ನಲ್ಲ. ಇಂದು ಒಂದೇ ಬಗೆಯ ಕಲ್ಲು ಎರಡು ಹೆಸರಿನಲ್ಲಿ ಮಾರಾಟವಾಗುತ್ತಿದೆ. ನೀಲಿ ಛಾಯೆಯ ಬೂದು ಮತ್ತು ಹಳದಿ ಇದರ ಮುಖ್ಯ ಬಣ್ಣಗಳು. ದಕ್ಷಿಣಕ್ಕೆ ಇಳಿದರೆ ಕರ್ನೂಲು ಸೀಮೆಯ ಬೇತಂಚೆರ್ಲ ಕಲ್ಲು, ಅದಕ್ಕೂ ಆಚೆ ಕಪ್ಪು ಕಡಪಾ ಕಲ್ಲು. ಇವೂ ಸುಣ್ಣಕಲ್ಲಿನ ಕುಲದವೇ.

ಪದರ ಪದರವಾಗಿ ಸೀಳಿಕೊಳ್ಳುವುದು ಈ ಕಲ್ಲಿನ ಗುಣ. ಯಂತ್ರದ ಕೊರೆತವಿಲ್ಲದ ಕಾಲದಲ್ಲಿಯೂ ಉಳಿ, ಹಾರೆಗಳಿಂದಲೇ ಚಪ್ಪಡಿಗಳನ್ನು ಎಬ್ಬಿಸಲು ಸಾಧ್ಯವಾದ್ದರಿಂದ ಸೊಲ್ಲಾಪುರದಿಂದ ಬೀದರಿನವರೆಗೆ ಸಾಮಾನ್ಯರ ಮನೆ, ಗುಡಿ, ಶಾಲೆ, ರೈಲು ನಿಲ್ದಾಣಗಳಿಗೆಲ್ಲ ಇದೇ ಹಾಸು ಬಂದಿತು. ಒಂದರಿಂದ ಒಂದೂವರೆ ಇಂಚು ದಪ್ಪದ ಚಪ್ಪಡಿ ಒಳ್ಳೆಯ ಭರ್ತಿಯ ಮೇಲೆ ಕುಳಿತರೆ ಎರಡು ತಲೆಮಾರು ನಿಲ್ಲುತ್ತದೆ. ಖಾರ ಕುಟ್ಟುವ ಪೆಟ್ಟಿಗೆ ಎಂಟು ಮಿಲಿಮೀಟರಿನ ಟೈಲ್ಸು ಬಿರುಕು ಬಿಟ್ಟೀತು, ಇದು ಬಿಡದು. ಬೇಸಿಗೆಯ ಮಧ್ಯಾಹ್ನ ಬರಿಗಾಲಿಗೆ ತಂಪು. ಸೀಳಿದ ಸಹಜ ಮೈಯ ಚಪ್ಪಡಿಯಾದರೆ ಒದ್ದೆಯಾದರೂ ಸುಲಭವಾಗಿ ಜಾರುವುದಿಲ್ಲ. ಒಂದು ಚಪ್ಪಡಿ ಒಡೆದರೆ ಅದೊಂದನ್ನೇ ಎಬ್ಬಿಸಿ ಬದಲಿಸಬಹುದು. ಮೈ ಮಾಸಿದರೆ ಯಂತ್ರದಿಂದ ತೀಡಿಸಬಹುದು.

ಹಾಗೆಂದು ದೋಷಗಳಿಲ್ಲವೆಂದಲ್ಲ. ಸುಣ್ಣಕಲ್ಲಿಗೆ ಹುಳಿಯೇ ವೈರಿ. ನಿಂಬೆರಸ, ಹುಣಸೆ, ಹುಳಿ ಮಜ್ಜಿಗೆ ಬಿದ್ದು ಒಣಗಿದರೆ ಆ ಜಾಗದ ಹೊಳಪು ಹೋಗಿ ಬಿಳಿಚಿದ ಕಲೆ ಉಳಿಯುತ್ತದೆ. ಇದು ಅಂಟಿದ ಕೊಳೆಯಲ್ಲ, ಕಲ್ಲಿನ ಮೈಯೇ ಕರಗಿದ ಗುರುತು. ಎಷ್ಟು ಉಜ್ಜಿದರೂ ಹೋಗದು. ಎರಡನೆಯದು ಮೆದುತನ. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ಸುಣ್ಣಕಲ್ಲಿನ ಮುಖ್ಯ ಖನಿಜವಾದ ಕ್ಯಾಲ್ಸೈಟಿನ ಸ್ಥಾನ 3. ಕಾಲಿಗೆ ಅಂಟಿ ಬರುವ ಮರಳಿನ ಕ್ವಾರ್ಟ್ಜಿನ ಸ್ಥಾನ 7. ಆದ್ದರಿಂದ ಹಿತ್ತಲ ಬಾಗಿಲಲ್ಲಿ ಒಂದು ಒರಟು ಕಾಲೊರಸು ಇಲ್ಲದಿದ್ದರೆ ನಡೆದಾಡುವ ದಾರಿಯುದ್ದಕ್ಕೂ ಹೊಳಪು ಸವೆಯುವುದು ಖಂಡಿತ. ಕೊಳ್ಳುವಾಗ ಚಪ್ಪಡಿಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಬೇಕು. ಗಟ್ಟಿ ನಾದ ಬಂದರೆ ಸರಿ. ಮೊದ್ದು ಸದ್ದು ಬಂದರೆ ಒಳಗೆ ಪದರ ಬಿಟ್ಟಿದೆ ಎಂದು ಅರ್ಥ.

ರಾಜಸ್ಥಾನದ ಕೋಟಾ ಕಲ್ಲೂ ಇದೇ ಜಾತಿಯದು, ಇದೇ ಎಚ್ಚರಿಕೆಗಳು ಅದಕ್ಕೂ ಅನ್ವಯಿಸುತ್ತವೆ. ನೂರು ಮೈಲಿಯೊಳಗೆ ಶಹಾಬಾದ ಇರುವವರು ನೂರಾರು ಮೈಲಿಯ ಸಾಗಣೆ ಕೊಟ್ಟು ಅದನ್ನು ತರಿಸುವುದರ ಲಾಭ ನನಗಂತೂ ತಿಳಿಯದು.

ಗ್ರಾನೈಟ್

ಹೊಸೂರು, ಡೆಂಕಣಿಕೋಟೆಗಳನ್ನೊಳಗೊಂಡ ಕೃಷ್ಣಗಿರಿ ಜಿಲ್ಲೆ ಗ್ರಾನೈಟಿನ ನಾಡು. ತಾಳವಾಡಿಯವರಿಗೆ ಗಡಿಯಾಚೆಯ ಚಾಮರಾಜನಗರದ ಕರಿಕಲ್ಲು ಹತ್ತಿರ. ಹುಳಿಗೆ ಜಗ್ಗದಿರುವುದು, ಗೀರು ಬೀಳದಿರುವುದು, ಬಿಸಿ ಪಾತ್ರೆಗೆ ಅಂಜದಿರುವುದು ಗ್ರಾನೈಟಿನ ಹಿರಿಮೆ. ಬಾಳಿಕೆಯೊಂದನ್ನೇ ಅಳೆಯುವುದಾದರೆ ಇದಕ್ಕೆ ಸಾಟಿಯಿಲ್ಲ. ಆದರೆ ಅಡುಗೆಕಟ್ಟೆಗೆ ಹಾಕುವ ಹೊಳಪಿನ ಗ್ರಾನೈಟನ್ನೇ ನೆಲಕ್ಕೂ ಹಾಕಿಸಿದರೆ ಒದ್ದೆಯಾದಾಗ ಅದು ಗಾಜಿನಂತಾಗುತ್ತದೆ. ನೆಲಕ್ಕೆ ಬೆಂಕಿ ತಾಗಿಸಿ ಒರಟುಗೊಳಿಸಿದ ಅಥವಾ ತೊಗಲಿನ ಮೈಯಂತೆ ತೀಡಿದ, ಲೆದರ್ ಫಿನಿಶ್ ಎನ್ನುವ ಬಗೆಯನ್ನು ಕೇಳಿ ಪಡೆಯಬೇಕು. ಕಟ್ಟೆಗೆ ಕೊಯ್ದು ಉಳಿದ ತುಂಡುಗಳು ಅಗ್ಗವಾಗಿ ಸಿಗುತ್ತವೆ. ಚಿಕ್ಕ ಅಡುಗೆಮನೆಗೆ ಅವೇ ಸಾಕಾಗುವುದುಂಟು.

ಅಂಗಡಿಯಲ್ಲಿ ಕಪ್ಪು ಕಡಪಾ ಕಲ್ಲನ್ನು ಗ್ರಾನೈಟ್ ಎಂದು ತೋರಿಸಿದರೆ ಪತ್ತೆಹಚ್ಚಲು ಒಂದು ನಿಂಬೆಹಣ್ಣು ಸಾಕು. ಹೊಳಪಿಲ್ಲದ ಬದಿಯನ್ನು ಸ್ವಲ್ಪ ಕೆರೆದು ರಸ ಹಿಂಡಿದಾಗ ಸಣ್ಣ ಗುಳ್ಳೆಗಳೆದ್ದರೆ ಅದು ಸುಣ್ಣಕಲ್ಲು. ಗ್ರಾನೈಟಿನಲ್ಲಿ ಏನೂ ಆಗದು. ವಿಜ್ಞಾನದ ತರಗತಿಯಲ್ಲಿ ಮಕ್ಕಳಿಗೆ ಇದನ್ನೇ ಮಾಡಿ ತೋರಿಸಿದರೆ ಆಮ್ಲ ಮತ್ತು ಕಾರ್ಬೋನೇಟುಗಳ ಪಾಠ ಮರೆತುಹೋಗುವುದಿಲ್ಲ.

ಕೆಂಪು ನೆಲ, ಸೆಗಣಿ ನೆಲ

ಕಾಸರಗೋಡು ತಾಲ್ಲೂಕು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಅಲ್ಲಿಯ ಹಳೆಯ ಮನೆಗಳ ನೆಲವೂ ಮಾಡೂ ಮಂಗಳೂರಿನ ರೀತಿಯವೇ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆಯ ದಾರಿಯಲ್ಲಿ ಬೆಳೆದ ಉದ್ಯಮವು ಮಾಡಿನ ಹಂಚಿನ ಜೊತೆಗೆ ನೆಲದ ಹಂಚನ್ನೂ ತಯಾರಿಸಿತು. ಸುಟ್ಟ ಮಣ್ಣಿನ ಆ ಹಂಚು ಜಗಲಿಗೆ ಸೊಗಸು. ಎಣ್ಣೆಯನ್ನು ಹೀರಿಕೊಳ್ಳುವುದರಿಂದ ಅಡುಗೆಮನೆಗೆ ಅಷ್ಟು ಹೊಂದುವುದಿಲ್ಲ.

ಸಿಮೆಂಟಿಗೆ ಕಬ್ಬಿಣದ ಆಕ್ಸೈಡ್ ಬೆರೆಸಿ ತೀಡಿದ ಕೆಂಪು ನೆಲವನ್ನು ಈಗ ಮತ್ತೆ ಕೆಲವರು ಬಯಸುತ್ತಿದ್ದಾರೆ. ಸಂದುಗಳೇ ಇಲ್ಲದ್ದರಿಂದ ಕೊಳೆ ಕೂರುವ ಜಾಗವಿಲ್ಲ, ಹಳೆಯದಾದಷ್ಟೂ ಹೊಳಪು ಹೆಚ್ಚು. ಆದರೆ ಇದರ ಗುಣವೆಲ್ಲ ಮೇಸ್ತ್ರಿಯ ಕೈಯಲ್ಲಿದೆ. ಬಣ್ಣದ ಪುಡಿ ಸಿಮೆಂಟಿನ ತೂಕದ ಹತ್ತನೆಯ ಒಂದು ಭಾಗವನ್ನು ಮೀರಬಾರದು, ಮೀರಿದರೆ ಗಟ್ಟಿತನ ಕುಗ್ಗುತ್ತದೆ. ಇಡೀ ಕೋಣೆಗೆ ಬೇಕಾಗುವ ಪುಡಿ ಮತ್ತು ಸಿಮೆಂಟನ್ನು ಒಣಗಿದಂತೆಯೇ ಒಮ್ಮೆಲೇ ಬೆರೆಸಿ ಇಟ್ಟುಕೊಳ್ಳದಿದ್ದರೆ ಬಣ್ಣ ತೇಪೆ ತೇಪೆಯಾಗುತ್ತದೆ. ದೊಡ್ಡ ಕೋಣೆಯಾದರೆ ಗಾಜಿನ ಪಟ್ಟಿ ನಿಲ್ಲಿಸಿ ಚೌಕಗಳಾಗಿ ವಿಭಾಗಿಸಬೇಕು, ಇಲ್ಲವಾದರೆ ಬಿರುಕು ತನಗೆ ತೋಚಿದ ದಾರಿ ಹಿಡಿಯುತ್ತದೆ. ಮುಗಿದ ಮೇಲೆ ಕನಿಷ್ಠ ಏಳು ದಿನ ನೀರು ಕಟ್ಟಿ ನಿಲ್ಲಿಸಬೇಕು. ಕೆಲಸ ಬಲ್ಲ ಹಿರಿಯ ಮೇಸ್ತ್ರಿ ಸಿಕ್ಕರೆ ಮಾತ್ರ ಇದಕ್ಕೆ ಕೈಹಾಕಬೇಕು, ಹುಡುಗರ ಕೈಯಲ್ಲಿ ಪ್ರಯೋಗ ಬೇಡ. ಒಮ್ಮೆ ಬಿರುಕು ಬಿಟ್ಟ ಕೆಂಪು ನೆಲಕ್ಕೆ ಕಣ್ಣಿಗೆ ಕಾಣದಂತೆ ತೇಪೆ ಹಾಕಲು ಬಾರದು.

ಸೆಗಣಿ ಸಾರಿಸಿದ ನೆಲ ಕಾಲಿಗೆ ಹಿತ, ಜಾರದು, ಬಿದ್ದ ಪಾತ್ರೆ ಒಡೆಯದು. ನಲ್ಲಿ ಮತ್ತು ತೊಟ್ಟಿ ಒಳಗೆ ಬಂದ ಅಡುಗೆಮನೆಯಲ್ಲಿ ಮಾತ್ರ ಅದು ಉಳಿಯಲಾರದು.

ಟೈಲ್ಸ್ ಕೊಳ್ಳುವವರಿಗೆ

ಇಂದು ಹೆಚ್ಚಿನ ಮನೆಗಳು ಆರಿಸುವುದು ಟೈಲ್ಸನ್ನೇ. ಅದರ ಬಹುಪಾಲು ಗುಜರಾತಿನ ಮೋರ್ಬಿಯಿಂದ ಬರುತ್ತದೆ. ಪೆಟ್ಟಿಗೆಯ ಮೇಲಿನ ಬರಹ ಇಂಗ್ಲಿಷಿನಲ್ಲಿದ್ದು ಅಕ್ಷರ ಸಣ್ಣದಿರುವುದರಿಂದ ನಮ್ಮವರು ಅದನ್ನು ಓದುವ ಗೋಜಿಗೆ ಹೋಗುವುದಿಲ್ಲ. ಓದಬೇಕಾದವು ಮೂರೇ ಸಂಗತಿಗಳು.

ಮೊದಲನೆಯದು ನೀರು ಹೀರುವ ಪ್ರಮಾಣ. ಐಎಸ್ 15622 ಎಂಬ ಭಾರತೀಯ ಮಾನಕವು ಟೈಲ್ಸನ್ನು ಇದರ ಆಧಾರದ ಮೇಲೆ ವರ್ಗೀಕರಿಸುತ್ತದೆ. ಶೇಕಡಾ 0.5ಕ್ಕಿಂತ ಕಡಿಮೆ ಹೀರುವುದು ವಿಟ್ರಿಫೈಡ್. ಶೇಕಡಾ 10ಕ್ಕಿಂತ ಹೆಚ್ಚು ಹೀರುವುದು ಗೋಡೆಗೆ ಮಾತ್ರ ಯೋಗ್ಯ. ಗೋಡೆಯ ಟೈಲ್ಸನ್ನು ಅಗ್ಗವೆಂದು ನೆಲಕ್ಕೆ ಹಾಕಿ ಕೈಸುಟ್ಟುಕೊಂಡವರಿದ್ದಾರೆ. ಪೆಟ್ಟಿಗೆಯೇ ಇಲ್ಲದಿದ್ದರೆ ಟೈಲ್ಸನ್ನು ಬೋರಲು ಹಾಕಿ ಹಿಂಬದಿಗೆ ಒಂದು ಚಮಚ ನೀರು ಸುರಿಯಿರಿ. ನೀರು ಕ್ಷಣದಲ್ಲಿ ಇಂಗಿದರೆ ಅದು ವಿಟ್ರಿಫೈಡ್ ಅಲ್ಲ.

ಎರಡನೆಯದು ಸವೆತ. ಮೇಲ್ಮೈಗೆ ಗಾಜಿನ ಲೇಪವಿರುವ ಟೈಲ್ಸಿಗೆ ಪಿಇಐ ಎಂಬ 1ರಿಂದ 5ರವರೆಗಿನ ದರ್ಜೆಯಿರುತ್ತದೆ. ಏಳೆಂಟು ಜನರು ಓಡಾಡುವ ಮನೆಗೆ 4 ಬೇಕು. ಲೇಪವಿಲ್ಲದ ಫುಲ್ ಬಾಡಿ ಬಗೆಯಲ್ಲಿ ಬಣ್ಣ ತಳದವರೆಗೂ ಇರುತ್ತದೆ, ಡಬಲ್ ಚಾರ್ಜ್ ಬಗೆಯಲ್ಲಿ ಮೇಲಿನ ಮೂರು ನಾಲ್ಕು ಮಿಲಿಮೀಟರು. ಚೂರು ಹಾರಿದರೂ ಒಳಗೆ ಬಿಳಿ ಕಾಣದು. ಬರಿಯ ಚಿತ್ರ ಮುದ್ರಿಸಿ ಲೇಪ ಕೊಟ್ಟ ಟೈಲ್ಸಿನಲ್ಲಿ ಸಿಲಿಂಡರ್ ಎಳೆದ ಗೀರು ಎದ್ದು ಕಾಣುತ್ತದೆ.

ಮೂರನೆಯದು ಜಾರದಿರುವ ಗುಣ, ಮಾರಾಟಗಾರರು ತಾವಾಗಿ ಎಂದೂ ಹೇಳದ ಗುಣ. ಎಣ್ಣೆ ಸವರಿದ ಇಳಿಜಾರು ಹಲಗೆಯ ಮೇಲೆ ಮನುಷ್ಯರನ್ನೇ ನಡೆಸಿ, ಎಷ್ಟು ಡಿಗ್ರಿಯ ಓರೆಗೆ ಕಾಲು ಜಾರುತ್ತದೆ ಎಂದು ನೋಡುವ ಜರ್ಮನಿಯ ಪರೀಕ್ಷೆಯೊಂದಿದೆ. ಅದರ ಫಲಿತಾಂಶವನ್ನು ಆರ್ 9ರಿಂದ ಆರ್ 13ರವರೆಗೆ ಸೂಚಿಸುತ್ತಾರೆ. ಆರ್ 9 ಎಂದರೆ ಹತ್ತು ಡಿಗ್ರಿಯೊಳಗೇ ಜಾರಿತು ಎಂದು, ಆರ್ 10 ಎಂದರೆ ಹತ್ತರಿಂದ ಹತ್ತೊಂಬತ್ತು ಡಿಗ್ರಿಯವರೆಗೆ ತಡೆಯಿತು ಎಂದು. ಮನೆಯ ಅಡುಗೆಕೋಣೆಗೆ ಆರ್ 10 ಇರಲಿ. ಆರ್ 11ಕ್ಕೆ ಹೋದರೆ ಮೈ ಒರಟಾಗಿ ಜಿಡ್ಡು ಕಚ್ಚಿಕೊಳ್ಳುತ್ತದೆ, ಒರೆಸುವವರ ರಟ್ಟೆ ಸೋಲುತ್ತದೆ. ಅಂಗಡಿಯಲ್ಲಿ ಆ ಸಂಖ್ಯೆ ದೊರೆಯದಿದ್ದರೆ ಹೊಳಪಿಲ್ಲದ ಮ್ಯಾಟ್ ಬಗೆಯನ್ನು ಕೇಳಿ, ಅದರ ಮೇಲೆ ನೀರು ಮತ್ತು ನಾಲ್ಕು ಹನಿ ಎಣ್ಣೆ ಹಾಕಿ ಬರಿಗಾಲಿನಿಂದ ತೀಡಿ ನೋಡಿ. ಸಾಧ್ಯವಾದರೆ ಮನೆಯ ಹಿರಿಯ ಹೆಂಗಸರನ್ನೇ ಕರೆದೊಯ್ಯಿರಿ. ಅಂಗಡಿಯವರು ನಕ್ಕರೆ ನಗಲಿ.

ಹೊಳಪಿನ ನೆಲವನ್ನು ಈಗಾಗಲೇ ಹಾಕಿಸಿಕೊಂಡವರಿಗೆ ಕೀಳಿಸದೆಯೇ ಇರುವ ದಾರಿಗಳು ಎರಡು. ಒಲೆ ಮತ್ತು ತೊಟ್ಟಿಯ ಮುಂದೆ ತಳಕ್ಕೆ ರಬ್ಬರ್ ಇರುವ ಚಾಪೆ ಹಾಸುವುದು ಒಂದು. ಹಳೆಯ ನೆಲ ಗಟ್ಟಿಯಾಗಿದ್ದರೆ ಅದರ ಮೇಲೆಯೇ ಅಂಟು ಬಳಸಿ ಮ್ಯಾಟ್ ಟೈಲ್ಸ್ ಕೂರಿಸುವುದು ಇನ್ನೊಂದು. ಆಗ ನೆಲ ಸುಮಾರು ಅರ್ಧ ಇಂಚು ಏರುವುದರಿಂದ ಬಾಗಿಲಿನ ಕೆಳಅಂಚನ್ನು ಕೊಯ್ಯಿಸಬೇಕಾಗುತ್ತದೆ. ಮೊದಲು ಹೇಳಿದ ಆ ಮನೆಯವರು ಗೋಣಿತಟ್ಟು ಹೊಲಿದು ಹಾಸಿದ್ದರು. ಅದು ಕಾಲಿಗೆ ಸಿಕ್ಕಿ ಮಡಚಿಕೊಳ್ಳುತ್ತದೆ, ಆದ್ದರಿಂದ ಅದೂ ಅಪಾಯವೇ.

ಅಮೃತಶಿಲೆ ಅಡುಗೆಮನೆಗೆ ಬೇಡ: ಅದು ಹುಳಿಗೂ ಅರಿಶಿನಕ್ಕೂ ಒಂದೇ ಸಮನೆ ಸೋಲುತ್ತದೆ. ಮರದ ಲ್ಯಾಮಿನೇಟ್ ನೀರಿಗೆ ಉಬ್ಬುತ್ತದೆ. ನೀಲಗಿರಿಯ ಚಳಿಯಲ್ಲಿ ಕಲ್ಲು, ಟೈಲ್ಸ್ ಎರಡೂ ಕಾಲಿಗೆ ಕೊರೆಯುತ್ತವೆಯಾದರೂ ಅಲ್ಲಿಯೂ ಮ್ಯಾಟ್ ಟೈಲ್ಸ್ ಹಾಕಿಸಿ ಒಳಗೆ ಧರಿಸಲು ಬೇರೆ ಚಪ್ಪಲಿ ಇಟ್ಟುಕೊಳ್ಳುವುದೇ ಮೇಲು.

ಲೆಕ್ಕ, ಕೂರಿಸುವಿಕೆ, ಮಾತು

ಹತ್ತು ಅಡಿಗೆ ಹನ್ನೆರಡು ಅಡಿಯ ಅಡುಗೆಮನೆಯ ವಿಸ್ತೀರ್ಣ 120 ಚದರ ಅಡಿ. ಕೊಯ್ತದ ನಷ್ಟಕ್ಕೆ ಹತ್ತನೆಯ ಒಂದು ಭಾಗ ಸೇರಿಸಿದರೆ 132. ಎರಡಡಿ ಚೌಕದ ನಾಲ್ಕು ಟೈಲ್ಸ್ ಇರುವ ಪೆಟ್ಟಿಗೆ ಸುಮಾರು 15.5 ಚದರ ಅಡಿಗೆ ಬರುತ್ತದೆ, ಅಂದರೆ ಒಂಬತ್ತು ಪೆಟ್ಟಿಗೆ ಬೇಕು. ಹತ್ತನೆಯದೊಂದನ್ನೂ ಕೊಂಡು ಅಟ್ಟದ ಮೇಲಿಡಿ. ಐದು ವರ್ಷದ ಬಳಿಕ ಒಂದು ಟೈಲ್ಸ್ ಒಡೆದರೆ ಅದೇ ಛಾಯೆ ಮಾರುಕಟ್ಟೆಯಲ್ಲಿ ದೊರೆಯದು. ಎಲ್ಲ ಪೆಟ್ಟಿಗೆಗಳ ಮೇಲೂ ಬ್ಯಾಚ್ ಮತ್ತು ಶೇಡ್ ಸಂಖ್ಯೆ ಒಂದೇ ಇದೆಯೇ ಎಂದು ಇಳಿಸಿಕೊಳ್ಳುವ ಮುನ್ನವೇ ನೋಡಬೇಕು.

ಮಹಾರಾಷ್ಟ್ರದಲ್ಲಿ ಗುತ್ತಿಗೆದಾರರು ‘ಬ್ರಾಸ್’ ಲೆಕ್ಕ ಹೇಳುತ್ತಾರೆ. ಹಾಸಿನ ಮಾತಿನಲ್ಲಿ ಒಂದು ಬ್ರಾಸ್ ಎಂದರೆ 100 ಚದರ ಅಡಿ, ಮರಳು ಮೊರಂಗಳ ಮಾತಿನಲ್ಲಿ 100 ಘನ ಅಡಿ. ಇವೆರಡರ ಗೊಂದಲದಲ್ಲಿ ಹೆಚ್ಚು ಹಣ ತೆತ್ತವರುಂಟು. ಹೆಸರುಗಳೂ ಊರಿಂದೂರಿಗೆ ಬದಲಾಗುತ್ತವೆ. ಅಕ್ಕಲಕೋಟೆ, ಜತ್ತಗಳಲ್ಲಿ ಶಹಾಬಾದ ಫರಸಿ ಎನ್ನುವುದನ್ನು ತೆಲುಗಿನವರು ಶಾಬಾದು ಬಂಡಲು ಎಂದೋ ನಾಪರಾಯಿ ಎಂದೋ ಕರೆಯುತ್ತಾರೆ. ನಮ್ಮ ಗೌಂಡಿ ಮರಾಠಿಯಲ್ಲಿ ಗವಂಡಿ, ತಮಿಳಿನಲ್ಲಿ ಕೊತ್ತನಾರ್. ಕೆಲಸ ಕೊಡುವಾಗ ಹಾಸಿನ ಹೆಸರು, ದಪ್ಪ, ಮೈಯ ಬಗೆ, ಭರ್ತಿಯ ಆಳ, ಚದರ ಅಡಿಯ ದರ, ಇವಿಷ್ಟನ್ನು ಆ ರಾಜ್ಯದ ಭಾಷೆಯಲ್ಲಿಯೂ ಕನ್ನಡದಲ್ಲಿಯೂ ಒಂದೇ ಹಾಳೆಯ ಮೇಲೆ ಬರೆದು ಇಬ್ಬರೂ ಸಹಿ ಹಾಕುವುದು ಉತ್ತಮ. ಎರಡು ಭಾಷೆ ಬಲ್ಲ ಶಾಲೆಯ ಮಕ್ಕಳು ಇದನ್ನು ಚೆನ್ನಾಗಿಯೇ ಬರೆದುಕೊಡುತ್ತಾರೆ. ಮನೆಯ ಹೆಂಗಸರೂ ಓದಬಲ್ಲ ಕರಾರು ಅದಾಗುತ್ತದೆ.

ವಿಟ್ರಿಫೈಡ್ ಟೈಲ್ಸ್ ನೀರು ಹೀರದ್ದರಿಂದ ಬರಿಯ ಸಿಮೆಂಟು ಹಾಲಿಗೆ ಸರಿಯಾಗಿ ಕಚ್ಚುವುದಿಲ್ಲ. ಐಎಸ್ 15477 ಮಾನಕದ ಅಂಟಿನಲ್ಲಿ ವಿಟ್ರಿಫೈಡ್‌ಗೆಂದೇ ಹೇಳಿದ ಬಗೆಯನ್ನು ಬಳಸಬೇಕು. ಸಂದನ್ನು ಪೂರ್ತಿ ಮುಚ್ಚುವ ಹಟ ಬೇಡ, ಎರಡರಿಂದ ಮೂರು ಮಿಲಿಮೀಟರ್ ಬಿಟ್ಟು ಎಪಾಕ್ಸಿ ತುಂಬಿಸಿದರೆ ಅರಿಶಿನ ಮತ್ತು ಎಣ್ಣೆ ಇಳಿಯುವುದಿಲ್ಲ. ಎಪಾಕ್ಸಿ ಬೇಗ ಗಟ್ಟಿಯಾಗುತ್ತದೆ, ಟೈಲ್ಸಿನ ಮೇಲೆ ಉಳಿದದ್ದನ್ನು ಅಂದೇ ಒರೆಸಿಬಿಡಬೇಕು. ಮೋರಿಯ ಕಡೆಗೆ ನೂರು ಇಂಚಿಗೆ ಒಂದು ಇಂಚಿನಂತೆ ಇಳಿಜಾರು ಇದ್ದರೆ ತೊಳೆದ ನೀರು ತಾನಾಗಿ ಹರಿದುಹೋಗುತ್ತದೆ.

ಕಲ್ಲಾಗಲಿ ಟೈಲ್ಸಾಗಲಿ, ಒರೆಸಲು ನೀರು ಮತ್ತು ಸೌಮ್ಯ ಸೋಪು ಸಾಕು. ಶೌಚಾಲಯ ತೊಳೆಯುವ ಆ್ಯಸಿಡ್ ಸುಣ್ಣಕಲ್ಲನ್ನೂ ಸಂದಿನ ಸಿಮೆಂಟನ್ನೂ ತಿನ್ನುತ್ತದೆ. ಹೊಸ ನೆಲದ ಮೇಲಿನ ಸಿಮೆಂಟು ಕಲೆ ತೆಗೆಯಲು ಕೆಲಸಗಾರರು ಅದನ್ನೇ ಸುರಿಯಲು ಬರುತ್ತಾರೆ, ತಡೆಯಬೇಕು. ಅರಿಶಿನದ ಕಲೆ ಬಿಸಿಲಿಗೆ ಮಾಸುತ್ತದೆ, ಆದ್ದರಿಂದ ಕಿಟಕಿಯ ಬಳಿಯದಾದರೆ ಉಜ್ಜುವ ಮುನ್ನ ನಾಲ್ಕು ದಿನ ಕಾಯಬಹುದು. ಸಿಲಿಂಡರಿಗೆ ಗಾಲಿಯ ಬಂಡಿಯೊಂದನ್ನು ಕೊಳ್ಳುವುದು ನೆಲಕ್ಕೂ ಸೊಂಟಕ್ಕೂ ಒಳ್ಳೆಯದು.

ಕೊನೆಯ ಕಂತಿನ ಹಣ ಕೊಡುವ ಮುನ್ನ ಒಂದು ನಾಣ್ಯ ಹಿಡಿದು ಮೂಲೆಯಿಂದ ಮೂಲೆಗೆ ಪ್ರತಿಯೊಂದು ಟೈಲ್ಸನ್ನೂ ತಟ್ಟುತ್ತಾ ಬನ್ನಿ. ಟೊಳ್ಳು ಸದ್ದು ಬಂದ ಕಡೆ ಕೆಳಗೆ ಅಂಟು ತುಂಬಿಲ್ಲ. ಸೀಮೆಸುಣ್ಣದಿಂದ ಗುರುತು ಹಾಕಿ, ಕಿತ್ತು ಮತ್ತೆ ಕೂರಿಸಲು ಹೇಳಿ. ನೀರನ್ನು ಬಿಂದಿಗೆಯಿಂದ ಸುರಿದು ಎಲ್ಲಿಯಾದರೂ ನಿಲ್ಲುತ್ತದೆಯೇ ಎಂದೂ ನೋಡಿ. ಇವೆರಡೂ ಆದ ಮೇಲೆಯೇ ಲೆಕ್ಕ ಚುಕ್ತಾ ಮಾಡಬೇಕು.